ತಂತಿ ಬಂದ ದಾರಿ, ಸೂರ್ಯ ಬಂದ ದಾರಿ



ಈ ಸಲ ಬೆಳಿ ಬಗ್ಗೆ ಬರೆಯೂದಿಲ್ಲ. ಸೋಲಾರ್ ಪಂಪ್‌ಸೆಟ್ಟಿಗೆ ಅರ್ಜಿ ಹಾಕಬೇಕೋ ಬ್ಯಾಡೋ ಅಂತ ನಮ್ಮ ಮೋಟೆಬೆನ್ನೂರಿನಾಗ, ಆಸುಪಾಸಿನ ಊರಾಗ ಭಾಳ ಮಂದಿ ಕೇಳಾಕತ್ತಾರ. ಹೌದು ಅಥವಾ ಬ್ಯಾಡ ಅಂತ ಒಂದ ಮಾತಿನಾಗ ಹೇಳೂದಕ್ಕಿಂತ, ಕರೆಂಟು ಮತ್ತು ಸೋಲಾರ್ ನಮ್ಮ ಕಡೆ ಹೆಂಗ ಬಂದವು ಅನ್ನೋ ಹಿಂದಿನ ಕಥಿ ತಿಳಕೊಂಡ್ರ ಉತ್ತರ ನಮಗ ಸಿಗತೈತಿ. ಸ್ವಲ್ಪ ಉದ್ದ ಐತಿ, ಪುರಸತ್ತಿಲೆ ಓದ್ರಿ.

1902ರಲ್ಲಿ ಕಾವೇರಿಯ ಶಿವನಸಮುದ್ರದಾಗ ಕರೆಂಟು ಉತ್ಪಾದನೆ ಶುರುವಾಯಿತು. ಅದು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ನೂರಕ್ಕೂ ಹೆಚ್ಚು ಕಿಲೋಮೀಟರ್ ತಂತಿ ಎಳೆದರು, ನಡುವಿನ ಹಳ್ಳಿಗಳ ಮ್ಯಾಲೆ ಹಾದು ಹೋತು, ಆ ಹಳ್ಳಿಯ ಮನಿಗಳಾಗ ಮಾತ್ರ ಚಿಮಣಿ ದೀಪಾನ ಉಳೀತು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ಗಣಿ ಮೊದಲು, ಪಟ್ಟಣ ಆಮ್ಯಾಲೆ, ಹಳ್ಳಿ ಕಡೀಕ. ಈ ಸರದಿ ಮುಂದೆ ಭಾಳ ವರ್ಷ ಬದಲಾಗಲಿಲ್ಲ.

ನಮ್ಮ ಭಾಗ ಆಗ ಮುಂಬೈ ಪ್ರಾಂತದಾಗಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕ ಸೇರಿದ್ವಿ, 1957ರಲ್ಲಿ ವಿದ್ಯುತ್ ಮಂಡಳಿ ಆತು, ನಮ್ಮ ಹಿರಿಯರು ಇವತ್ತಿಗೂ ಕೆಇಬಿ ಅಂತಾನ ಕರೀತಾರ. ಅರವತ್ತರ ದಶಕದಾಗ ಶರಾವತಿ ಕರೆಂಟು ಬಂದ ಮ್ಯಾಲೆ ಹಳ್ಳಿ ಹಳ್ಳಿಗೆ ಕಂಬ ನಿಂತವು. ಕಾಗದದಾಗ ಊರಿಗೆ ಕರೆಂಟು ಬಂತು. ಆದರ ಊರ ಹೊರಗಿನ ಹೊಲದ ಮನಿ, ಕಟ್ಟಕಡೀ ಓಣಿ ಇವುಗಳ ಪಾಳಿ ಬರಾಕ ಮತ್ತ ಎಷ್ಟೋ ವರ್ಷ ಹಿಡೀತು. 2002ರಲ್ಲಿ ಹೆಸ್ಕಾಂ ಆತು. ಮುಂದೆ ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು, ಪಂಪ್‌ಸೆಟ್ಟಿನ ಲೈನು ಬೇರೆ ಬೇರೆ ಮಾಡಿದರು. ಊರಾಗ ದೀಪ ನಿಂತಿತು, ಹೊಲದಾಗ ಮಾತ್ರ ತ್ರೀ ಫೇಸ್ ಪಾಳಿ ಮ್ಯಾಲೆ ಬರೂದಾತು. ಪಾಳಿ ರಾತ್ರಿ ಬಂದ್ರ ರಾತ್ರಿ ಹೊಲಕ್ಕ ಹೋಗಬೇಕು. ಒಂದು ಕೈಯಾಗ ಬ್ಯಾಟರಿ, ಒಂದು ಕೈಯಾಗ ಸಲಿಕಿ, ಕಾಲಾಗ ಹಾವಿನ ಭಯ, ಹಸಿ ಕೈಲೆ ಸ್ಟಾರ್ಟರ್ ಮುಟ್ಟೋ ಭಯ. ಇದನ್ನ ನಾನು ನಿಮಗ ವಿವರಿಸಬೇಕಾಗಿಲ್ಲ.

ಇನ್ನ ಸೂರ್ಯನ ಕಥಿ. ಬಿಸಿಲಿನಿಂದ ಕರೆಂಟು ಕೊಡೋ ಈಗಿನ ಸಿಲಿಕಾನ್ ಬಿಲ್ಲೆಯನ್ನು 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ತೋರಿಸಿದರು. ಎಷ್ಟು ತುಟ್ಟಿ ಇತ್ತಂದ್ರ ಮೊದಲಿಗೆ ಹೆಚ್ಚಾಗಿ ಉಪಗ್ರಹಕ್ಕ ಬಳಸಿದರು. ಎಪ್ಪತ್ತರ ದಶಕದಾಗ ಆಫ್ರಿಕಾದ ಮಾಲಿ ದೇಶದಾಗ ಬರಗಾಲ ಬಿದ್ದಾಗ, ಒಬ್ಬ ಪಾದ್ರಿ ಹಳ್ಳಿಗಳ ಬೋರಿಗೆ ಸೋಲಾರ್ ಪಂಪ್ ಕೂಡಿಸಿದ. ಅಂದ್ರ ಬಡ ದೇಶದಾಗ ಸೋಲಾರ್ ಮೊದಮೊದಲು ಮಾಡಿದ ಕೆಲಸದಾಗ ನೀರೆತ್ತೂದೂ ಒಂದು.

ನಮ್ಮ ರಾಜ್ಯದಾಗ ದೊಡ್ಡ ಹೆಜ್ಜೆ ಬಿದ್ದಿದ್ದು 1995ರಲ್ಲಿ. ಹರೀಶ್ ಹಂದೆ ಅನ್ನೋ ಎಂಜಿನಿಯರು ಬೆಂಗಳೂರಿನಾಗ ಸೆಲ್ಕೊ ಅನ್ನೋ ಕಂಪನಿ ಕಟ್ಟಿದರು. ಕರಾವಳಿ, ಮಲೆನಾಡಿನ ಒಂಟಿ ಮನಿಗಳಿಗೆ ಒಂದು ಸಣ್ಣ ಪ್ಯಾನಲ್, ಒಂದು ಬ್ಯಾಟರಿ, ಎರಡು ನಾಲ್ಕು ದೀಪ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದರ ಈ ಕಥಿಯಾಗ ನಾವು ಕಲಿಯೂದು ಪ್ಯಾನಲ್ ಬಗ್ಗೆ ಅಲ್ಲ, ಸಾಲದ ಬಗ್ಗೆ. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಕಟ್ಟೂದು ಕಷ್ಟ, ದಿನಕ್ಕ 10 ರೂಪಾಯಿ ಆದ್ರ ಆಗತೈತಿ ಅನ್ನೋದನ್ನ ಅವರು ಗಿರಾಕಿಗಳಿಂದಾನ ಕಲಿತರು. ಲೆಕ್ಕ ಒಂದ, ರೊಕ್ಕ ಕೈಗೆ ಬರೋ ರೀತಿ ಬ್ಯಾರೆ. ನಮ್ಮಂಥ ರೈತರಿಗೆ ರೊಕ್ಕ ಬರೂದು ಸುಗ್ಗಿಗೆ, ಮೆಣಸಿನಕಾಯಿ ಬ್ಯಾಡಗಿ ಮಾರ್ಕೆಟ್ಟಿಗೆ ಹೋದ ಮ್ಯಾಲೆ. ತಿಂಗಳಾ ತಿಂಗಳಾ ಕಂತು ಅಂದ್ರ ಎಲ್ಲಿಂದ ತರಬೇಕು?

ಇದನ್ನ ತಿಳಕೊಂಡ ಬ್ಯಾಂಕುಗಳೂ ಇದ್ದವು. ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಸೋಲಾರ್ ದೀಪಕ್ಕ ಸಾಲ ಕೊಟ್ಟ ಬ್ಯಾಂಕುಗಳಾಗ ಒಂದು. ಅದ 2005ರಲ್ಲಿ ಬೇರೆ ಬ್ಯಾಂಕುಗಳ ಜೊತಿ ಕೂಡಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದವರು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕಿನ ಮೂಲಕ ಕಡಿಮಿ ಬಡ್ಡಿಯ ಸಾಲ ಕೊಡಿಸಿದರು. ನಾಲ್ಕೈದು ವರ್ಷದಾಗ 18 ಸಾವಿರಕ್ಕೂ ಹೆಚ್ಚು ಮನಿಗೆ ದೀಪ ಬಂತು. ಬಾಂಗ್ಲಾದೇಶದಾಗೂ 2003ರಿಂದ ಇದ ರೀತಿ ಕಂತಿನ ಮ್ಯಾಲೆ ಕೊಡುತ್ತ ಹೋಗಿ 40 ಲಕ್ಷ ಮನಿ ದಾಟಿದರು.

ಪುಕ್ಕಟೆ ಕೊಟ್ಟ ದೀಪದ ಗತಿ ಬ್ಯಾರೆ. ನಮ್ಮ ಸಂಬಂಧಿಕರ ಊರಾಗ ಒಂದು ಯೋಜನೆಯಲ್ಲಿ ಸೋಲಾರ್ ಬೀದಿ ದೀಪ ಹಾಕಿಸಿದ್ದರು. ಒಂದೆರಡು ವರ್ಷ ಚಂದ ಉರಿದವು. ಬ್ಯಾಟರಿ ಸತ್ತ ಮ್ಯಾಲೆ ಯಾರಿಗೆ ಹೇಳಬೇಕು ಅನ್ನೋದ ಊರಿಗೆ ಗೊತ್ತಿರಲಿಲ್ಲ. ಈಗ ಆ ಕಂಬಕ್ಕ ಎಮ್ಮಿ ಕಟ್ಟತಾರ. ಪ್ಯಾನಲ್ ಇಪ್ಪತ್ತೈದು ವರ್ಷ ಬಾಳತೈತಿ, ಬ್ಯಾಟರಿ ಬಾಳೂದಿಲ್ಲ. ರಿಪೇರಿಗೆ ಬರೋ ಮನಿಷ್ಯಾ ಇಲ್ಲಂದ್ರ ಎರಡೂ ದಂಡ.

ಪಂಪ್‌ಸೆಟ್ಟಿನ ಕಡೆ ಬರೋಣ. 2014ರ ಸೌರ ನೀತಿಯ ಹೊತ್ತಿಗೆ ನಮ್ಮ ಸರ್ಕಾರ ಸೂರ್ಯ ರೈತ ಅನ್ನೋ ಯೋಜನೆ ತಂತು. ಕನಕಪುರ ತಾಲೂಕಿನ ಹಾರೋಬೆಲೆ ಕಡೆ ಸುಮಾರು 300 ಪಂಪ್‌ಸೆಟ್ಟಿಗೆ ಸೋಲಾರ್ ಹಾಕಿದರು. ರೈತ ನೀರೆತ್ತಿ ಉಳಿದ ಕರೆಂಟನ್ನ ಗ್ರಿಡ್ಡಿಗೆ ಮಾರಬೇಕು ಅನ್ನೋ ವಿಚಾರ. ಮಾರಿದ್ರ ರೊಕ್ಕ ಬರತೈತಿ ಅಂದ್ರ ಬೋರು ಸುಮ್ಮನೆ ಓಡಿಸೂದಿಲ್ಲ, ನೀರೂ ಉಳೀತೈತಿ. ವಿಚಾರ ಅಗದೀ ಚಲೋ ಇತ್ತು.

ಅತ್ತ ಪಾವಗಡದಾಗ 2018ರಲ್ಲಿ ಸೋಲಾರ್ ಪಾರ್ಕ್ ಶುರುವಾಗಿ 2000 ಮೆಗಾವಾಟಿನ ಮಟ್ಟಕ್ಕ ಬೆಳೀತು. ಸುಮಾರು 13 ಸಾವಿರ ಎಕರೆ ಜಮೀನು. ರೈತರು ಮಾರಲಿಲ್ಲ, ಎಕರೆಗೆ ವರ್ಷಕ್ಕ 21 ಸಾವಿರದಿಂದ ಶುರು ಮಾಡಿ ಲಾವಣಿ ಕೊಟ್ಟರು. ಬರದ ನಾಡಿನ ಹೊಲದವರಿಗೆ ಅದು ಆಸರ ಆತು. ಆದರ ಆ ಹೊಲದಾಗ ಕೂಲಿ ಮಾಡಿ ಉಣ್ಣೋರಿಗೆ, ಕುರಿ ಮೇಯಿಸೋರಿಗೆ ಲಾವಣಿ ಚೀಟಿ ಇರಲಿಲ್ಲ. ಇದನ್ನೂ ನೆನಪಿಡಬೇಕು.

ಈಗ ನಮ್ಮ ಮುಂದೆ ಇರೋದು 2019ರ ಕುಸುಮ್ ಯೋಜನೆ. 2024ರಲ್ಲಿ ಇದರಾಗ ಕೇಂದ್ರದ್ದು 30, ರಾಜ್ಯದ್ದು 50, ರೈತಂದು 20 ಪರ್ಸೆಂಟ್ ಇತ್ತು. ಕಂಬ ದೂರ ಇದ್ದವರಿಗೆ, ಹಗಲು ನೀರು ಬೇಕು ಅನ್ನೋರಿಗೆ ಇದು ಚಲೋ ದಾರಿ. 5 ಎಚ್‌ಪಿ ಪಂಪಿಗೆ ಹತ್ತಿರತ್ತಿರ 5 ಕಿಲೋವಾಟ್ ಪ್ಯಾನಲ್ ಬೇಕು. ಆಷಾಢ, ಶ್ರಾವಣದ ಮೋಡದಾಗ ನೀರು ಕಡಿಮಿ ಬರತೈತಿ, ಆದರ ಆಗ ನಮಗ ನೀರಿನ ಅವಸರನೂ ಕಡಿಮಿ.

ಹಿಂದಿನ ಕಥಿಯಿಂದ ನಾನು ತಿಳಕೊಂಡಿದ್ದು ಮೂರು ಮಾತು.

ಒಂದು, ಸಹಿ ಮಾಡೋ ಮೊದಲು ರಿಪೇರಿ ಯಾರು ಮಾಡತಾರ ಕೇಳ್ರಿ. ಐದು ವರ್ಷದ ನಿರ್ವಹಣೆ ಕಂಪನಿದ. ಅವರ ಮೆಕ್ಯಾನಿಕ್ ಹಾವೇರಿ ಅಥವಾ ರಾಣೆಬೆನ್ನೂರಿನಾಗ ಇದ್ದಾನೋ ಇಲ್ಲೋ ನೋಡ್ರಿ.

ಎರಡು, ನಿಮ್ಮ ಪಾಲಿನ ರೊಕ್ಕಕ್ಕ ಸಾಲ ಮಾಡೋದಾದ್ರ ಕಂತು ಸುಗ್ಗಿಗೆ ಇಡಿಸ್ರಿ.

ಮೂರು, ಇದು ಎಲ್ಲಕ್ಕಿಂತ ದೊಡ್ಡದು. ತಂತಿ ಕರೆಂಟಿಗೆ ಪಾಳಿ ಇತ್ತು, ಬೋರಿಗೂ ಸ್ವಲ್ಪ ವಿಶ್ರಾಂತಿ ಸಿಗತಿತ್ತು. ಬಿಸಿಲಿಗೆ ಪಾಳಿ ಇಲ್ಲ, ಬಿಲ್ಲೂ ಇಲ್ಲ. ಬೆಳಗ್ಗಿಂದ ಸಂಜೀತನ ಎಲ್ಲಾರೂ ಎತ್ತಾಕ ನಿಂತ್ರ ನೆಲದಾಗಿನ ನೀರು ಎಷ್ಟು ದಿನ? ಡ್ರಿಪ್ ಇಲ್ಲದ ಹೊಲಕ್ಕ ಸೋಲಾರ್ ಪಂಪ್ ತರೂದು ನನಗ ಸರಿ ಕಾಣೂದಿಲ್ಲ. ಹಗಲು ನೀರು ಬಿಡೋ ನೆಮ್ಮದಿ ನಮ್ಮ ಮಕ್ಕಳಿಗೂ ಸಿಗಬೇಕಂದ್ರ ಬೋರಿನಾಗ ನೀರು ಇರಬೇಕು.

ಸೋಲಾರ್ ಪಂಪ್ ಹಾಕಿಸಿದವರು ನಿಮ್ಮ ಅನುಭವ ಕೆಳಗ ಬರೀರಿ. ಎಷ್ಟು ಎಚ್‌ಪಿ, ಎಷ್ಟು ಫೂಟು ಬೋರು, ಕೆಟ್ಟಾಗ ಎಷ್ಟು ದಿನಕ್ಕ ಬಂದು ನೋಡಿದರು, ಇಷ್ಟು ಬರದ್ರ ಸಾಕು. ಅರ್ಜಿ ಹಾಕೋ ನಾಲ್ಕು ಮಂದಿಗೆ ಉಪಯೋಗ ಆಗತೈತಿ.