ಕಠ್ಮಂಡುವಿನ ಮಕ್ಕಳಿಗೆ ಸರ್ಕಸ್ ಕಲಿಸಿದವರು ಯಾರು? ಒಂದು ತೀರ್ಪಿನ ಮರು ಓದು

ಪರದೇಶಕ್ಕೆ ಹೋಗಿ ಬಡಮಕ್ಕಳಿಗೆ ಸರ್ಕಸ್ ಕಲಿಸುವ ಸ್ವಯಂಸೇವೆಯ ಚರಿತ್ರೆಯನ್ನು ಬರೆಯುವವರಿಗೆ ಒಂದೇ ದಾರಿ ರೂಢಿಯಾಗಿಬಿಟ್ಟಿದೆ. 1949ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮಕ್ಕಳಿಗಾಗಿ ಇಡಾ ಲಾಸ್ಟ್ ಕಟ್ಟಿದ 'ಎಲ್ಲೆಬೋಗ್'ನಿಂದ ಹೊರಡುತ್ತಾರೆ. 1992ರಲ್ಲಿ ಬುಕಾರೆಸ್ಟಿನ ಚರಂಡಿ ಸುರಂಗಗಳ ಮಕ್ಕಳ ನಡುವೆ ಕೆಲಸಕ್ಕಿಳಿದ ಫ್ರೆಂಚ್ ವಿದೂಷಕ ಮಿಲೂದ್ ಉಕಿಲಿಯನ್ನು ಹಾಯುತ್ತಾರೆ. 1995ರಲ್ಲಿ ಕೆನಡಾದ 'ಸರ್ಕ್ ದು ಸೊಲೇಲ್' ಶುರುಮಾಡಿದ 'ಸರ್ಕ್ ದು ಮೊಂದ್' ಯೋಜನೆಗೆ ಬಂದು ಕೈಮುಗಿಯುತ್ತಾರೆ. ಏಷ್ಯಾ ಈ ಕಥೆಯೊಳಗೆ ಬರುವುದು ಕಡೆಯಲ್ಲಿ, ಅದೂ ಶಿಷ್ಯನಾಗಿ ಮಾತ್ರ. ಈ ವಂಶಾವಳಿಯನ್ನು ಮತ್ತೆ ಒಪ್ಪಿಸುವುದು ನನ್ನ ಉದ್ದೇಶವಲ್ಲ. ನನ್ನ ತಕರಾರು ಅದರ ಒಂದೇ ಒಂದು ಕೊಂಡಿಯ ಬಗ್ಗೆ: 2010ರಲ್ಲಿ ನೇಪಾಳದಲ್ಲಿ ಹುಟ್ಟಿದ 'ಸರ್ಕಸ್ ಕಠ್ಮಂಡು'.

ಈ ತಂಡದ ಬಗ್ಗೆ ಬಂದಿರುವ ಇಂಗ್ಲಿಷ್ ಪತ್ರಿಕಾ ಬರಹಗಳಲ್ಲೂ ಅವನ್ನೇ ನೆಚ್ಚಿಕೊಂಡ ಪ್ರಬಂಧಗಳಲ್ಲೂ ಕಥೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ: ಭಾರತದ ಸರ್ಕಸ್ಸುಗಳಿಗೆ ಮಾರಾಟವಾಗಿದ್ದ ನೇಪಾಳದ ಮಕ್ಕಳನ್ನು ಬಿಡಿಸಿ ತರಲಾಯಿತು, ಬ್ರಿಟನ್ನಿನ ಸರ್ಕಸ್ ಕಲಾವಿದರು ಬಂದರು, ಆ ಯುವಕ ಯುವತಿಯರು ಕಲಾವಿದರಾದರು, 2014ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ ಹತ್ತಿದರು. ಒಂದೊಂದು ವಾಕ್ಯವೂ ನಿಜ. ಆದರೆ ಎರಡನೆಯ ಮತ್ತು ಮೂರನೆಯ ವಾಕ್ಯಗಳ ನಡುವೆ, ಬಂದವರು ಕಲಿಸಿದ್ದರಿಂದಲೇ ಇವರು ಕಲಾವಿದರಾದರು ಎಂಬ ಕಾರಣಸಂಬಂಧವನ್ನು ಓದುಗ ತಾನಾಗಿಯೇ ಹೆಣೆದುಕೊಳ್ಳುತ್ತಾನೆ. ಬರೆದವರು ಅದನ್ನು ತಡೆಯುವುದಿಲ್ಲ. ಹೀಗಾಗಿ ಮೊದಲನೆಯ ವಾಕ್ಯದಲ್ಲಿರುವ ಸರ್ಕಸ್ ಡೇರೆ ಬರಿಯ ನರಕವಾಗಿ ಉಳಿಯುತ್ತದೆ. ಅಲ್ಲಿ ಏನನ್ನಾದರೂ ಕಲಿತಿರಬಹುದೆಂಬ ಪ್ರಶ್ನೆಯೇ ಏಳುವುದಿಲ್ಲ.

ಅದು ಏಳಬೇಕಿತ್ತು. ಆಧಾರ ಎಲ್ಲೋ ಪಾಳುಬಿದ್ದ ಕಡತದಲ್ಲಿ ಅಡಗಿಲ್ಲ. ನಮ್ಮ ಸುಪ್ರೀಂ ಕೋರ್ಟಿನ ಒಂದು ಪ್ರಸಿದ್ಧ ತೀರ್ಪಿನಲ್ಲೇ ಇದೆ. 2004ರ ಜೂನ್‌ನಲ್ಲಿ ಉತ್ತರ ಪ್ರದೇಶದ ಗೊಂಡಾ ಜಿಲ್ಲೆಯಲ್ಲಿ ಬೀಡುಬಿಟ್ಟಿದ್ದ ಒಂದು ಸರ್ಕಸ್ಸಿಗೆ ನೇಪಾಳಿ ಹೆಣ್ಣುಮಕ್ಕಳನ್ನು ಬಿಡಿಸಲು ಹೋದ ಕೈಲಾಶ್ ಸತ್ಯಾರ್ಥಿ ಮತ್ತು ಸಂಗಡಿಗರ ಮೇಲೆ ಹಲ್ಲೆಯಾಯಿತು. 2006ರಲ್ಲಿ ಅವರ 'ಬಚಪನ್ ಬಚಾವೋ ಆಂದೋಲನ' ರಿಟ್ ಅರ್ಜಿ ಹಾಕಿತು. 2011ರ ಏಪ್ರಿಲ್ 18ರಂದು ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಮತ್ತು ಎ. ಕೆ. ಪಟ್ನಾಯಕ್ ಅವರ ಪೀಠ ತೀರ್ಪು ಕೊಟ್ಟಿತು. ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸುವ ಅಧಿಸೂಚನೆಯನ್ನು ಎರಡು ತಿಂಗಳೊಳಗೆ ಹೊರಡಿಸಬೇಕು, ಎಲ್ಲ ಸರ್ಕಸ್ಸುಗಳ ಮೇಲೂ ಏಕಕಾಲಕ್ಕೆ ದಾಳಿ ಮಾಡಿ ಮಕ್ಕಳನ್ನು ಬಿಡಿಸಬೇಕು, ಬಿಡಿಸಿದವರನ್ನು 18 ತುಂಬುವವರೆಗೆ ಆರೈಕೆ ಕೇಂದ್ರಗಳಲ್ಲಿ ಇರಿಸಬೇಕು, ಪುನರ್ವಸತಿ ಯೋಜನೆ ರೂಪಿಸಬೇಕು ಎಂದಿತು. ಕಾನೂನಿನ ವಿದ್ಯಾರ್ಥಿಗಳಿಗೆ ಈ ನಿರ್ದೇಶನಗಳು ಬಾಯಿಪಾಠ. ಅವರು ತೀರ್ಪಿನ ಕೊನೆಯ ಪುಟಗಳನ್ನು ಓದಿ ಮುಚ್ಚಿಡುತ್ತಾರೆ. ಸರ್ಕಸ್ ಚರಿತ್ರಕಾರರಂತೂ ಅದು ವಕೀಲರ ಪಾಡೆಂದು ತೆರೆಯುವುದೇ ಇಲ್ಲ.

ತೀರ್ಪಿನ ಮೊದಲ ಭಾಗದಲ್ಲಿ ಡೇರೆಯ ಮಗುವಿನ ದಿನಚರಿಯ ವಿವರಣೆಯಿದೆ. ಬೆಳಕು ಹರಿಯುವ ಹೊತ್ತಿಗೆ ದಿನ ಶುರು. ತರಬೇತುದಾರನ ಬೈಗುಳ, ಕರುಣೆಯಿಲ್ಲದ ಹೊಡೆತ, ಎರಡು ಬಿಸ್ಕತ್ತು, ಒಂದು ಲೋಟ ಚಹಾ. ಆಮೇಲೆ ಮೂರೋ ನಾಲ್ಕೋ ಆಟಗಳು, ಪ್ರೇಕ್ಷಕರ ಹೊಲಸು ಮಾತು. ಮಲಗಲು ಬಿಡುವುದು ನಡುರಾತ್ರಿಯ ಹೊತ್ತಿಗೆ. ಜೊತೆಗೆ ಮೂರರಿಂದ ಹತ್ತು ವರ್ಷಗಳ ಕರಾರು. ಅದು ಮುಗಿಯುವ ತನಕ ಮಗು ಹೊರಗೆ ಕಾಲಿಡುವಂತಿಲ್ಲ.

ಈ ವಿವರಣೆಯ ಮೇಲೆ ಎರಡು ಬಗೆಯ ಓದುಗಳಿವೆ. ಎರಡೂ ನನಗೆ ಒಪ್ಪಿಗೆಯಿಲ್ಲ. ಡೇರೆಯವರ ಪರ ವಹಿಸುವವರು ಇದನ್ನು ಅರ್ಜಿದಾರರ ಅತಿರಂಜನೆಯೆಂದು ತಳ್ಳಿಹಾಕುತ್ತಾರೆ. ಅವರ ಮಾತಿನಲ್ಲಿ ಒಂದು ಎಳೆ ಸತ್ಯವಿದೆಯೆಂದು ಒಪ್ಪೋಣ. ಇದು ಸಾಕ್ಷಿಗಳನ್ನು ಪಾಟೀಸವಾಲಿಗೆ ಒಡ್ಡಿ ನ್ಯಾಯಾಲಯ ತಾನೇ ತಲುಪಿದ ನಿರ್ಣಯವಲ್ಲ, ಅರ್ಜಿದಾರರ ಹೇಳಿಕೆಯ ಸಾರ. ಈ ತೀರ್ಪಿನಲ್ಲಿ ಕನಿಷ್ಠ ಮೂರು ದನಿಗಳಿವೆ. ಅರ್ಜಿದಾರರದು ಒಂದು. ಮಕ್ಕಳ ಸಾಗಣೆಯ ಬಗ್ಗೆ ಸಾಲಿಸಿಟರ್ ಜನರಲ್ ಗೋಪಾಲ್ ಸುಬ್ರಮಣಿಯಂ ಮಂಡಿಸಿದ ದೀರ್ಘ ಟಿಪ್ಪಣಿ ಇನ್ನೊಂದು; ಪುಟಗಳ ಬಹುಪಾಲು ಅದರದೇ. ಪೀಠದ ಸ್ವಂತ ನಿರ್ದೇಶನಗಳು ಮೂರನೆಯದು. ಇವನ್ನು ಬಿಡಿಸಿ ಓದದೆ ಎಲ್ಲಕ್ಕೂ 'ಸುಪ್ರೀಂ ಕೋರ್ಟ್ ಹೇಳಿದೆ' ಎಂದು ಮುದ್ರೆ ಒತ್ತುವುದು ಎರಡನೆಯ ಬಣದ ಚಾಳಿ. (ಈ ಬಣದ ಮೇಲೆ ನನಗೆ ಹೆಚ್ಚು ಸಹಾನುಭೂತಿಯಿದೆ, ಹಾಗಾಗಿಯೇ ಸಿಟ್ಟೂ ಹೆಚ್ಚು. ಮಕ್ಕಳ ಪರ ನಿಲ್ಲುವವರು ಆಕರವನ್ನು ಸಡಿಲವಾಗಿ ಬಳಸಿದರೆ ಮೊದಲ ಬಣದವರಿಗೆ ಬಾಗಿಲು ತೆರೆದುಕೊಟ್ಟಂತೆ.)

ಎರಡೂ ಬಣಗಳು ಜಗಳವಾಡುವುದು ಹೊಡೆತದ ಬಗ್ಗೆ: ಹೊಡೆದರೋ ಇಲ್ಲವೋ, ಎಷ್ಟು ಹೊಡೆದರು. ಅದೇ ವಾಕ್ಯದಲ್ಲಿ ನಿಂತಿರುವ ತರಬೇತುದಾರನನ್ನು ಯಾರೂ ನೋಡುವುದಿಲ್ಲ. ಅರ್ಜಿದಾರರಿಗೆ ಅವನು ಆರೋಪಿ ಮಾತ್ರ. ಅವನನ್ನು ಶಿಕ್ಷಕನೆಂದು ತೋರಿಸುವುದರಿಂದ ಅವರಿಗೆ ಯಾವ ಲಾಭವೂ ಇಲ್ಲ. ಹಾಗಾಗಿಯೇ ಈ ಅಂಶಕ್ಕೆ ಚರಿತ್ರೆಯ ದೃಷ್ಟಿಯಿಂದ ಬೆಲೆ ಹೆಚ್ಚು. ತನ್ನ ವಾದಕ್ಕೆ ಅನುಕೂಲವಲ್ಲದ ಸಂಗತಿಯನ್ನು ಕಕ್ಷಿದಾರ ತಿಳಿಯದೆ ನುಡಿದರೆ ಆ ನುಡಿಯನ್ನು ನಂಬಬಹುದು. ಆಕರ ವಿಮರ್ಶೆಯ ಹಳೆಯ ಪಾಠ ಇದು. ನಸುಕಿನಲ್ಲಿ, ಆಟ ಶುರುವಾಗುವ ಎಷ್ಟೋ ಹೊತ್ತಿಗೆ ಮುಂಚೆ, ಕಲಿಸುವುದೇ ಕೆಲಸವಾಗಿದ್ದ ಒಬ್ಬನ ಎದುರು ಮಕ್ಕಳು ನಿಲ್ಲುತ್ತಿದ್ದರು. ಅದೂ ವರ್ಷಗಟ್ಟಲೆ. ಕ್ರೌರ್ಯವನ್ನು ಒಂದಿಷ್ಟೂ ಕಡಿಮೆ ಮಾಡದೆ ಹೇಳುವುದಾದರೆ, ಅದೊಂದು ಶಿಕ್ಷಣ ಪದ್ಧತಿ.

ಇದಕ್ಕೆ ಇನ್ನೊಂದು ಸಾಕ್ಷಿ ದೇಹ. ಸರ್ಕಸ್ಸಿನವರು 'ಬೋನ್‌ಲೆಸ್' ಎಂದು ಕರೆಯುವ ಐಟಂ ಇದೆಯಲ್ಲ, ಹೊಟ್ಟೆಯನ್ನು ನೆಲಕ್ಕೊತ್ತಿ ಬೆನ್ನನ್ನು ಹಿಂದಕ್ಕೆ ಮಡಚಿ ಪಾದಗಳನ್ನು ಕಿವಿಯ ಪಕ್ಕಕ್ಕೆ ತರುವುದು, ಅದನ್ನು ಹತ್ತೊಂಬತ್ತು ಇಪ್ಪತ್ತರ ಹುಡುಗಿಗೆ ಕೆಲವು ತಿಂಗಳ ಕಾರ್ಯಾಗಾರದಲ್ಲಿ ಕಲಿಸಿ ವೇದಿಕೆಗೆ ಹತ್ತಿಸಲು ಬರುವುದಿಲ್ಲ. ಬೆನ್ನುಮೂಳೆ ಎಳೆಯದಾಗಿರುವಾಗಲೇ ಹಿಡಿದು, ಸೊಂಟಕ್ಕಿಂತ ಮೊದಲು ಭುಜ, ಭುಜಕ್ಕಿಂತ ಮೊದಲು ಎದೆಯ ಭಾಗ ಎಂದು ವರ್ಷಗಳ ಕಾಲ ಬಿಡಿಸಿದರೆ ಮಾತ್ರ ಅದು ಬರುವುದು. ಹೊರಗಿನಿಂದ ಬರುವ ಸ್ವಯಂಸೇವಕರು ಸಾಮಾನ್ಯವಾಗಿ ಕಲಿಸುವುದೇ ಬೇರೆ. ಮೊದಲು ತೆಳು ಬಟ್ಟೆಯ ಚೌಕಗಳನ್ನು ಎಸೆದು ಹಿಡಿಸುತ್ತಾರೆ. ಬಟ್ಟೆ ನಿಧಾನಕ್ಕೆ ಇಳಿಯುವುದರಿಂದ ಮಗುವಿಗೆ ಕೈ ಬದಲಿಸಲು ಹೊತ್ತು ಸಿಗುತ್ತದೆ, ಮೊದಲ ದಿನವೇ ಗೆದ್ದ ಖುಷಿಯೂ ಸಿಗುತ್ತದೆ. ಆಮೇಲೆ ಮೂರು ಚೆಂಡು, ಕೋಲಿನ ತುದಿಯಲ್ಲಿ ತಟ್ಟೆ, ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ನಿಲ್ಲುವ ಜೋಡಿ ಕಸರತ್ತು. ಬೇಗ ಕೈಗೆ ಹತ್ತುವುದು, ಬಿದ್ದರೂ ಪೆಟ್ಟಾಗದಿರುವುದು, ಒಬ್ಬರನ್ನೊಬ್ಬರು ನಂಬದೆ ಆಗದಿರುವುದು: ಈ ಕಾರಣಗಳಿಗಾಗಿಯೇ ಆರಿಸಿದ ವಿದ್ಯೆಗಳು ಇವು. ಕಠ್ಮಂಡು ತಂಡದವರ ಮೈಯಲ್ಲಿದ್ದ ಬೆನ್ನಿನ ಬಾಗು ಈ ಪಠ್ಯಕ್ರಮದಿಂದ ಬಂದದ್ದಲ್ಲ. ಕೂಡಿ ಕಳೆದು ನೋಡಿದರೂ ಸಾಕು: ತಂಡ ಕಟ್ಟಿದ್ದು 2010ರಲ್ಲಿ, ಗ್ಲಾಸ್ಟನ್‌ಬರಿ 2014ರಲ್ಲಿ.

ಹಾಗಾದರೆ ಆ ನಸುಕಿನ ತರಬೇತುದಾರ ಎಲ್ಲಿಂದ ಬಂದ? ಅವನ ಹಿಂದಿನ ಪರಂಪರೆಯನ್ನು ಹಿಡಿದು ಹೊರಟರೆ ಕೇರಳದ ತಲಶ್ಶೇರಿ ಸಿಗುತ್ತದೆ. 1880ರಲ್ಲಿ 'ಗ್ರೇಟ್ ಇಂಡಿಯನ್ ಸರ್ಕಸ್' ಕಟ್ಟಿದ ವಿಷ್ಣುಪಂತ ಛತ್ರೆಗೂ ಕೀಲೇರಿ ಕುಂಞಿಕಣ್ಣನ್‌ಗೂ ಆದ ಭೇಟಿ, 1901ರಲ್ಲಿ ಚಿರಕ್ಕರದಲ್ಲಿ ಎದ್ದ ಕುಂಞಿಕಣ್ಣನ್ ಅವರ ಸರ್ಕಸ್ ಶಾಲೆ, ಇವೆಲ್ಲ ಗೊತ್ತಿರುವ ಸಂಗತಿಗಳು. ನನ್ನ ವಾದಕ್ಕೆ ಬೇಕಾದ ಎರಡೇ ಅಂಶ ಹೇಳುತ್ತೇನೆ. ಕುಂಞಿಕಣ್ಣನ್ ಅದಕ್ಕೂ ಮುಂಚೆ ತಲಶ್ಶೇರಿಯ ಬಾಸೆಲ್ ಮಿಷನ್ ಶಾಲೆಯಲ್ಲಿ ಕಸರತ್ತಿನ ಮೇಷ್ಟ್ರಾಗಿದ್ದವರು. ಬಾಸೆಲ್ ಮಿಷನ್ನನ್ನು ಮಂಗಳೂರಿನ ಹೆಂಚು, ಪಂಚಾಂಗ ಮತ್ತು ಕಿಟ್ಟೆಲ್ ನಿಘಂಟಿನಿಂದ ಬಲ್ಲ ನಮಗೆ ಇದು ಕುತೂಹಲದ ವಿಷಯ. ಪರದೇಶದಿಂದ ಬಂದು ಬಡವರ ಮಕ್ಕಳ ಮೈ ತಿದ್ದುವ ಶಾಲೆಗಳು 'ಸರ್ಕ್ ದು ಸೊಲೇಲ್'ನ ಆವಿಷ್ಕಾರವೇನಲ್ಲ. ಎರಡನೆಯದು, ಡೇರೆಗೆ ಬಂದ ಮಕ್ಕಳ ಜಾತಿ ಮತ್ತು ಬಡತನ. ಪಿ. ಆರ್. ನಿಶಾ ಅವರ 'ಜಂಬೋಸ್ ಅಂಡ್ ಜಂಪಿಂಗ್ ಡೆವಿಲ್ಸ್' (2020) ಬಂದಮೇಲೆ ಇದನ್ನು ಬಿಟ್ಟು ಭಾರತೀಯ ಸರ್ಕಸ್ಸಿನ ಬಗ್ಗೆ ಬರೆಯಲು ಯಾರಿಗೂ ನೆಪವಿಲ್ಲ. ಡೇರೆಯನ್ನು ದುಡಿಯುವವರ ಕಡೆಯಿಂದ ನೋಡಿದ ಆ ಪುಸ್ತಕಕ್ಕೆ ನಾನು ಋಣಿ. ಆದರೂ ಮಾಲೀಕರ ನೆನಪುಗಳನ್ನೇ ಚರಿತ್ರೆಯೆಂದು ಬರೆಯುವ ಚಟ ಹೋಗಿಲ್ಲ.

ಕೇರಳದ ಮನೆಗಳು ಮಕ್ಕಳನ್ನು ಡೇರೆಗೆ ಕಳಿಸುವುದು ಕಡಿಮೆಯಾದಂತೆ ಬಂಗಾಳ, ಬಿಹಾರ, ಅಸ್ಸಾಂ, ನೇಪಾಳಗಳಿಂದ ಮಕ್ಕಳು ಬರತೊಡಗಿದರು. ಮೈಸೂರು ದಸರಾ ಹೊತ್ತಿಗೆ ಸರ್ಕಸ್ ನೋಡಿದ ನಮ್ಮ ತಲೆಮಾರಿನವರಿಗೆ ಕಣದಲ್ಲಿನ ಮುಖಗಳು ಬದಲಾದದ್ದು ನೆನಪಿರಬಹುದು. ಮಕ್ಕಳು ಬದಲಾದರು, ಕಲಿಸುವ ಕ್ರಮ ಬದಲಾಗಲಿಲ್ಲ. ಕುಂಞಿಕಣ್ಣನ್ ಅವರ ಶಾಲೆಯಲ್ಲಿ ಸುತ್ತಲಿನ ಊರುಗಳ ಹುಡುಗರು ಕಲಿತರು, ಹೆಸರನ್ನೂ ಪಡೆದರು. ಹಗ್ಗದ ಮೇಲಿನ ಆಟಕ್ಕೆ ಯುರೋಪಿನವರೆಗೆ ಖ್ಯಾತರಾದ ಕಣ್ಣನ್ ಬೊಂಬಾಯೊ ಆ ಪೀಳಿಗೆಯವರು. ಕರಾರಿನ ಮೇಲೆ ಗಡಿ ದಾಟಿ ಬಂದ ಮಗುವಿಗೆ ವಿದ್ಯೆ ಅದೇ ಸಿಕ್ಕಿತು, ಹೆಸರು ಮಾತ್ರ ಸಿಗಲಿಲ್ಲ, ಮನೆಗೆ ಮರಳುವ ಹಕ್ಕೂ ಇರಲಿಲ್ಲ. ಒಂದೇ ಪದ್ಧತಿಯ ಎರಡು ತುದಿಗಳಿವು. ತಲಶ್ಶೇರಿಯನ್ನು ಕೊಂಡಾಡುವವರು ಒಂದನ್ನು, ಮಕ್ಕಳ ಹಕ್ಕಿನವರು ಇನ್ನೊಂದನ್ನು ಹಿಡಿದು ಕೂತಿದ್ದಾರೆ.

ನನ್ನ ವಾದಕ್ಕೆ ಬರುವ ಆಕ್ಷೇಪ ಗೊತ್ತು: ನೀವು ಪೀಡಕರಿಗೆ ಗುರುಸ್ಥಾನ ಕೊಡುತ್ತಿದ್ದೀರಿ. ಇಲ್ಲ. ವಿದ್ಯೆಯ ಮೂಲ ಗುರುತಿಸುವುದು ಸನ್ಮಾನ ಪತ್ರ ಓದಿದಂತಲ್ಲ. ಆ ಮೂಲವನ್ನು ಅಳಿಸಿದರೆ ನಷ್ಟ ಯಾರಿಗೆಂದು ಕೇಳಿಕೊಳ್ಳಿ. ತರಬೇತುದಾರನಿಗೆ ಏನೂ ಆಗುವುದಿಲ್ಲ. ಎಂಟು ಹತ್ತು ವರ್ಷ ನೋವು ತಿಂದು ಮೈಗೂಡಿಸಿಕೊಂಡ ವಿದ್ಯೆ, ನಿನ್ನೆ ಮೊನ್ನೆ ವಿಮಾನ ಇಳಿದು ಬಂದ ಅತಿಥಿಯ ಲೆಕ್ಕಕ್ಕೆ ಜಮೆಯಾಗುತ್ತದೆ. ಬಾಲ್ಯವನ್ನು ಕಳೆದುಕೊಂಡವಳಿಗೆ ಉಳಿದಿದ್ದ ಒಂದೇ ಗಳಿಕೆಯನ್ನೂ ಚರಿತ್ರಕಾರ ಕಿತ್ತುಕೊಂಡಂತಾಗುತ್ತದೆ.

ಸ್ವಯಂಸೇವಕರ ಪಾತ್ರ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಈ ತಂಡದ ಬೆನ್ನಿಗೆ ನಿಂತವರಲ್ಲಿ ಬ್ರಿಟನ್ನಿನ ಸ್ಕೈ ನೀಲ್ ಒಬ್ಬರು. ಸ್ವತಃ ಸರ್ಕಸ್ ಕಲಾವಿದೆಯಾಗಿದ್ದ ಅವರು ಕೇಟ್ ಮೆಕ್‌ಲಾರ್ನನ್ ಜೊತೆ ಸೇರಿ ಮಾಡಿದ ಸಾಕ್ಷ್ಯಚಿತ್ರ 'ಈವನ್ ವೆನ್ ಐ ಫಾಲ್' 2017ರಲ್ಲಿ ಬಂತು. ಮಕ್ಕಳನ್ನು ಬಿಡಿಸುವ ಕೆಲಸದಲ್ಲಿ 1999ರಲ್ಲಿ ಹುಟ್ಟಿದ ಬ್ರಿಟಿಷ್ ಸಂಸ್ಥೆ 'ಎಸ್ತರ್ ಬೆಂಜಮಿನ್ಸ್ ಟ್ರಸ್ಟ್' ಮುಂದಿತ್ತು. ಇವರಿಂದ ಬಂದ ಹೊಸತು ಬೇರೆ ಬಗೆಯದು. ಕಲಿತ ಐಟಮನ್ನು ಮಾಡುವುದೋ ಬಿಡುವುದೋ ಎಂದು ಮಾಡುವವರೇ ತೀರ್ಮಾನಿಸುವುದು, ಕೆಳಗೆ ದಪ್ಪ ಹಾಸು, ಪ್ರದರ್ಶನದ ಕಥೆ ತಮ್ಮದೇ. ಹೀಗೆ ತಂಡದವರು ನೇಪಾಳದ ಹಳ್ಳಿಗಳಿಗೆ ಹೋಗಿ ಮಕ್ಕಳ ಸಾಗಣೆಯ ವಿರುದ್ಧ ಆಡಿ ತೋರಿಸಿದರು. ಬೆನ್ನು ಅದೇ ಬಾಗು ಬಾಗುತ್ತಿತ್ತು, ಆದರೆ ಈಗ ದಲ್ಲಾಳಿಯ ಗುಟ್ಟನ್ನು ಬಯಲುಮಾಡಲು.

ಇಂಥ ತಪ್ಪು ಓದು ಕಠ್ಮಂಡುವಿಗಷ್ಟೇ ಸೀಮಿತವಲ್ಲ. ಕಾಂಬೋಡಿಯದ ಬಟ್ಟಂಬಾಂಗ್‌ನಲ್ಲಿರುವ 'ಫಾರ್ ಪೊನ್ಲೂ ಸೆಲ್ಪಕ್' ಬಗ್ಗೆಯೂ ಇದೇ ಆಗಿದೆ. ಥಾಯ್ ಗಡಿಯ ಸೈಟ್ ಟು ನಿರಾಶ್ರಿತರ ಶಿಬಿರದಲ್ಲಿ ವೆರೋನಿಕ್ ದೆಕ್ರೋ ಎಂಬ ಫ್ರೆಂಚ್ ಶಿಕ್ಷಕಿ ಮಕ್ಕಳಿಗೆ ಕಲಿಸಿದ್ದು ಚಿತ್ರಕಲೆ. ಊರಿಗೆ ಮರಳಿದ ಆ ಶಿಷ್ಯರಲ್ಲಿ ಒಂಬತ್ತು ಮಂದಿ 1994ರಲ್ಲಿ ಶಾಲೆ ಕಟ್ಟಿದರು. ಸರ್ಕಸ್ ಬಂದದ್ದು 1998ರಲ್ಲಿ. ನಡುವಿನ ನಾಲ್ಕು ವರ್ಷಗಳನ್ನು ಹಾರಿಬಿಟ್ಟು 'ಫ್ರೆಂಚ್ ಸ್ವಯಂಸೇವಕಿ ಸರ್ಕಸ್ ತಂದಳು' ಎಂದು ಬರೆಯುವವರಿದ್ದಾರೆ. ಅದಕ್ಕೆ ಪ್ರತಿಯಾಗಿ ಬಾಯೋನ್ ದೇಗುಲದ ಹೊರಪ್ರಾಕಾರದಲ್ಲಿ ಕಾಲಿನಿಂದ ಚಕ್ರ ತಿರುಗಿಸುವವನನ್ನೂ ಮೂವರನ್ನು ಹೊತ್ತು ನಿಂತ ಬಲಶಾಲಿಯನ್ನೂ ತೋರಿಸಿ ಎಂಟು ಶತಮಾನಗಳ ಅಖಂಡ ಪರಂಪರೆಯೆಂದು ಎದೆ ತಟ್ಟುವವರೂ ಇದ್ದಾರೆ. ಆ ಶಿಲ್ಪ ಹಳೆಯ ಆಟಕ್ಕೆ ಸಾಕ್ಷಿ, 1998ರ ತರಗತಿಗೆ ಅಲ್ಲ.

ಮತ್ತೆ ನಮ್ಮ ತೀರ್ಪಿಗೆ ಬರೋಣ. ಅದು ಮಕ್ಕಳಿಗೆ ಸರ್ಕಸ್ ಕಲಿಸುವುದನ್ನೇ ಅಪರಾಧವಾಗಿಸಿತೆಂಬ ಮಾತು ಸರ್ಕಸ್ ಪ್ರಿಯರ ನಡುವೆ ಓಡಾಡುತ್ತಿದೆ. ಇದು ತೀರ್ಪನ್ನು ಓದದವರ ಮಾತು. ನಿಷೇಧ ಇರುವುದು ದುಡಿಮೆಗೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 14ರ ಒಳಗಿನ ಮಗು ಸಿನಿಮಾ, ಧಾರಾವಾಹಿ, ಜಾಹೀರಾತು, ಇತರ ಮನರಂಜನೆ, ಕ್ರೀಡೆಗಳಲ್ಲಿ ಷರತ್ತುಗಳೊಂದಿಗೆ ಕಲಾವಿದನಾಗಿ ಕೆಲಸ ಮಾಡಬಹುದು, ಸರ್ಕಸ್ ಒಂದನ್ನು ಬಿಟ್ಟು. ಈ ಹೊರಗಿಡುವಿಕೆಯಲ್ಲಿ ಗೊಂಡಾದ ನೆರಳು ಕಾಣುತ್ತದೆ. ಶಾಸನ ಡೇರೆಯನ್ನು ದುಡಿಮೆಯ ಜಾಗವೆಂದು ಮಾತ್ರ ಗುರುತಿಸಿತು. ಸಂಜೆ ಶಾಲೆಯ ಅಂಗಳದಲ್ಲಿ ಮೂರು ಚೆಂಡು ಎಸೆದಾಡುವ ಮಗು ಅದರ ವ್ಯಾಪ್ತಿಗೆ ಬರುವುದಿಲ್ಲ. ಕಾನೂನು ಹೀಗೆ ಗೆರೆ ಎಳೆದದ್ದು ಸರಿಯೆಂದೇ ನನ್ನ ಅಭಿಪ್ರಾಯ. ಚರಿತ್ರಕಾರರು ಅದೇ ಗೆರೆಯನ್ನು ತಮ್ಮ ಆಕರಗಳ ನಡುವೆಯೂ ಎಳೆದುಕೊಂಡು, ಡೇರೆಯ ಕಡತಗಳನ್ನು ಕಾರ್ಮಿಕ ಇಲಾಖೆಗೂ ಕಾರ್ಯಾಗಾರದ ವರದಿಗಳನ್ನು ಕಲಾ ಇತಿಹಾಸಕ್ಕೂ ಹಂಚಿಕೊಟ್ಟದ್ದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.