ನೆಲದಡಿಯ ನೀರಿನ ನಡೆ

ಸಾನಪಾಡಾದ ನಮ್ಮ ಮನೆಗಳ ನಲ್ಲಿಗಳಿಗೆ ನೀರುಣಿಸುವುದು ಖಾಲಾಪುರದ ಕಡೆಯ ಮೋರ್ಬೆ ಅಣೆಕಟ್ಟು. ಕೊಳವೆಯಲ್ಲಿ ಬಂದು ಮೋರಿಯಲ್ಲಿ ಹೋಗುವ ಈ ನೀರಿಗೂ ನಮ್ಮ ಕಾಲಡಿಯ ನೆಲಕ್ಕೂ ನಂಟೇ ಇಲ್ಲವೆಂದು ತೋರುವುದು ಸಹಜ. ಆದರೆ ನಮ್ಮಲ್ಲಿ ಹೆಚ್ಚಿನವರ ಹಿರಿಯರು ಬಾವಿಯ ನೀರು ಕುಡಿದು ಬೆಳೆದವರು. ಊರ ಮನೆಯಂಗಳದ ಆ ಬಾವಿ ಎಷ್ಟೋ ಕಡೆ ಇಂದಿಗೂ ಇದೆ. ಆದುದರಿಂದ ನೆಲದಡಿಯ ನೀರು ಹೇಗೆ ನಡೆಯುತ್ತದೆ, ತನ್ನೊಡನೆ ಏನನ್ನು ಹೊತ್ತೊಯ್ಯುತ್ತದೆ ಎಂಬುದನ್ನು ಮನುಷ್ಯನು ಅರಿತ ಚರಿತ್ರೆ ನಮಗೆ ಪರರ ಕಥೆಯಲ್ಲ.

ಮುಂಬಯಿಯೂ ಹಿಂದೆ ಬಾವಿ-ಕೆರೆಗಳ ಊರೇ ಆಗಿತ್ತು. 1860ರಲ್ಲಿ ವಿಹಾರ್ ಸರೋವರದ ನೀರು ಕೊಳವೆಗಳಲ್ಲಿ ಹರಿದು ಬರುವವರೆಗೆ ಜನರು ಅವನ್ನೇ ನಂಬಿದ್ದರು. ಚರ್ಚ್‌ಗೇಟಿನ ಬಳಿ 1725ರಲ್ಲಿ ಪಾರ್ಸಿ ವರ್ತಕರೊಬ್ಬರು ತೋಡಿಸಿದ ಭೀಖಾ ಬೆಹ್ರಾಮ್ ಬಾವಿಯನ್ನು ನಮ್ಮಲ್ಲಿ ಹಲವರು ಕಂಡಿರಬಹುದು. ಸಮುದ್ರ ಸಮೀಪದಲ್ಲಿದ್ದರೂ ಅದರ ನೀರು ಸಿಹಿ. ಕಡಲ ಮಗ್ಗುಲಲ್ಲಿ ಸಿಹಿನೀರು ಹೇಗೆ ನಿಲ್ಲುತ್ತದೆಂಬ ಶಾಸ್ತ್ರೀಯ ಲೆಕ್ಕ ಸ್ಪಷ್ಟವಾಗಲು ಮುಂದೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಆ ಹಾದಿಯ ಮೊದಲ ದೊಡ್ಡ ಹೆಜ್ಜೆ ಬಿದ್ದುದು ಫ್ರಾನ್ಸಿನಲ್ಲಿ. ದಿಜೋನ್ ಪಟ್ಟಣಕ್ಕೆ ನೀರು ಒದಗಿಸಿದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳು ತುಂಬಿದ ಕೊಳವೆಯೊಳಗೆ ನೀರು ಹಾಯಿಸಿ ಅಳೆದನು. ಎರಡು ತುದಿಗಳ ಒತ್ತಡದ ಅಂತರ ಹೆಚ್ಚಿದಷ್ಟೂ ಹರಿವು ಹೆಚ್ಚುತ್ತದೆ. ಮರಳಿನ ಹಾದಿ ಉದ್ದವಾದಷ್ಟೂ ಕಡಿಮೆಯಾಗುತ್ತದೆ. 1856ರಲ್ಲಿ ಪ್ರಕಟವಾದ ಈ ಸರಳ ನಿಯಮವೇ ಅಂತರ್ಜಲ ಶಾಸ್ತ್ರಕ್ಕೆ ಅಡಿಗಲ್ಲಾಯಿತು. ಮರಳಿನಲ್ಲಿ ನೀರು ಸಲೀಸಾಗಿ ಸಾಗುತ್ತದೆ, ಜೇಡಿಮಣ್ಣಿನಲ್ಲಿ ತೆವಳುತ್ತದೆ. ನವಿ ಮುಂಬಯಿಯ ಅಡಿಯಲ್ಲಿರುವ ದಖ್ಖಣದ ಕರಿಗಲ್ಲಿನಲ್ಲಾದರೋ ಶಿಥಿಲ ಪದರ ಇಲ್ಲವೆ ಬಿರುಕು ಸಿಕ್ಕಿದಲ್ಲಿಯೇ ಅದಕ್ಕೆ ದಾರಿ.

ಕಡಲ ಬದಿಯ ಒಗಟನ್ನು ಬಿಡಿಸಿದವರು ಹಾಲೆಂಡಿನ ಬಾಡೋನ್ ಗೈಬೆನ್ ಮತ್ತು, 1901ರಲ್ಲಿ, ಜರ್ಮನಿಯ ಹರ್ಟ್ಸ್‌ಬರ್ಗ್. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲಿನಷ್ಟು ಭಾರ. ಹೀಗಾಗಿ ಮಳೆಯಿಂದ ಇಂಗಿದ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ 1 ಅಡಿ ಮೇಲೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು 40 ಅಡಿಯವರೆಗೂ ಸಿಹಿನೀರೇ ಇರುತ್ತದೆಂಬುದು ಅವರ ಲೆಕ್ಕ. ಇದನ್ನೇ ತಿರುವಿ ನೋಡಿದರೆ ಅಪಾಯ ತಿಳಿಯುತ್ತದೆ: ಪಂಪು ಹಚ್ಚಿ ನೀರಿನ ಮಟ್ಟವನ್ನು 1 ಅಡಿ ಇಳಿಸಿದರೆ ಉಪ್ಪುನೀರು ಕಾಲಕ್ರಮದಲ್ಲಿ 40 ಅಡಿ ಮೇಲೇರಬಲ್ಲದು. ಥಾಣೆಯ ಖಾಡಿಯ ದಡದಲ್ಲಿ ಬೋರ್‌ವೆಲ್ ಕೊರೆಸಲು ಹೊರಡುವ ಸೊಸೈಟಿಗಳು ಇದನ್ನು ಮರೆಯಬಾರದು.

ನೀರಿನಲ್ಲಿ ಬೆರೆತ ವಸ್ತುವಿನ ಪ್ರಯಾಣವನ್ನು ಬಾವಿಯಿಂದ ಬಾವಿಗೆ ಹಿಂಬಾಲಿಸಿದವರಲ್ಲಿ ಅಮೆರಿಕದ ಗಣಿತಜ್ಞ ಚಾರ್ಲ್ಸ್ ಸ್ಲಿಕ್ಟರ್ ಒಬ್ಬನು. 20ನೆಯ ಶತಮಾನದ ಆರಂಭದಲ್ಲಿ ಅವನು ಒಂದು ಕೊಳವೆಬಾವಿಗೆ ನವಸಾಗರ ಸುರಿದು, ಹರಿವಿನ ದಿಕ್ಕಿನಲ್ಲಿದ್ದ ಇನ್ನೊಂದರಲ್ಲಿ ಅದು ಕಾಣಿಸಿಕೊಳ್ಳುವುದನ್ನು ವಿದ್ಯುತ್ತಿನ ಸಹಾಯದಿಂದ ಗುರುತಿಸಿದನು. ಅದು ಒಮ್ಮೆಗೇ ಬರಲಿಲ್ಲ. ಮೆಲ್ಲನೆ ಏರಿ ಮೆಲ್ಲನೆ ಇಳಿಯಿತು. ಮಣ್ಣಿನ ಕಣಗಳ ನಡುವೆ ಕವಲೊಡೆದು ನಡೆಯುವ ನೀರು ತನ್ನ ಹೊರೆಯನ್ನು ಹರಡುತ್ತ ಸಾಗುತ್ತದೆ.

ಹೊರೆ ವಿಷವಾದರೆ ಏನಾಗುವುದೆಂಬುದನ್ನು ರಾಜಸ್ಥಾನದ ಉದಯಪುರದ ಬಳಿಯ ಬಿಛಡಿ ಗ್ರಾಮ ಕಂಡಿತು. 1980ರ ದಶಕದ ಕೊನೆಯಲ್ಲಿ ಬಣ್ಣದ ತಯಾರಿಗೆ ಬೇಕಾದ ರಾಸಾಯನಿಕದ ಕೆಸರನ್ನು ಅಲ್ಲಿ ಬಯಲಿಗೆ ಚೆಲ್ಲಲಾಯಿತು. ವಿಷ ನೆಲಕ್ಕಿಳಿದು ಬಾವಿಗಳು ಕೆಟ್ಟವು. ಉತ್ಪಾದನೆ ನಿಂತ ಮೇಲೂ ನೀರು ಸರಿಯಾಗಲಿಲ್ಲ. ಕೆಡಿಸಿದವರೇ ಸರಿಪಡಿಸುವ ವೆಚ್ಚ ಭರಿಸಬೇಕೆಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪಿತ್ತಿತು.

ಇನ್ನು ನಮ್ಮ ಕರಾವಳಿಯ ಮಾತು. ಸುರತ್ಕಲ್ಲಿನಲ್ಲಿ 1960ರಲ್ಲಿ ಸ್ಥಾಪನೆಯಾದ ಎಂಜಿನಿಯರಿಂಗ್ ಕಾಲೇಜು ಇಂದು ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಾಗಿದೆ. ಅಲ್ಲಿನ ಸಂಶೋಧಕರು ಪಾವಂಜೆ ಮತ್ತು ಗುರುಪುರ ನದಿಗಳ ಸೀಮೆಯ ಬಾವಿಗಳನ್ನು ಅಳೆದು, ಉಪ್ಪುನೀರಿನ ನುಸುಳುವಿಕೆಯನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕಿದ್ದಾರೆ. ಆ ಲೆಕ್ಕಕ್ಕೂ ಬುನಾದಿ ಡಾರ್ಸಿಯ ನಿಯಮವೇ. ಬೇಸಗೆಯಲ್ಲಿ ಹಲಗೆ ಇಳಿಸುವ ಕಿಂಡಿ ಅಣೆಕಟ್ಟುಗಳು ಸಿಹಿನೀರನ್ನು ತಡೆದು ನಿಲ್ಲಿಸಿ ಉಪ್ಪುನೀರನ್ನು ಹಿಂದಕ್ಕಿಡುವುದೂ ಇದೇ ತತ್ತ್ವದಿಂದ.

ಆದರೆ ಉಪ್ಪು ನಾಲಿಗೆಗೆ ತಿಳಿಯುತ್ತದೆ, ರೋಗಾಣು ತಿಳಿಯುವುದಿಲ್ಲ. ಮುರಕಲ್ಲಿನ ನೆಲ ತೂತು ತೂತಾದುದು. ಮಳೆಗಾಲದಲ್ಲಿ ನೀರು ಅದರೊಳಗೆ ಬೇಗ ಹಾಯುತ್ತದೆ, ಸೋಸಿಕೊಳ್ಳಲು ಸಮಯವಿರುವುದಿಲ್ಲ. ಮುಂಬಯಿಯಲ್ಲಿ ದುಡಿದ ಹಣದಿಂದ ನಾವು ಊರಿನ ಮನೆಗೆ ಹೊಸ ಶೌಚಾಲಯ ಕಟ್ಟಿಸುತ್ತೇವೆ. ಗುಂಡಿಗೆ ಸ್ಥಳ ಹುಡುಕುವಾಗ ವಾಸ್ತು ಕೇಳುತ್ತೇವೆ, ನೆಲದ ಇಳಿಜಾರು ಕೇಳುವುದಿಲ್ಲ. ಇಂಗುಗುಂಡಿ ಬಾವಿಯಿಂದ ಕನಿಷ್ಠ 18 ಮೀಟರು, ಎಂದರೆ ಸುಮಾರು 60 ಅಡಿ, ದೂರವಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಬಿರುಕಿನ ಕಲ್ಲಿನಲ್ಲಿ ಅದೂ ಸಾಲದೆ ಹೋಗಬಹುದು. ಗುಂಡಿ ಬಾವಿಯ ಮೇಲ್ಭಾಗದಲ್ಲಂತೂ ಇರಕೂಡದು.

ನಾವು ವರ್ಷಕ್ಕೆ ಹದಿನೈದು ದಿನ ಆ ನೀರು ಕುಡಿಯುವವರು. ವರ್ಷವಿಡೀ ಕುಡಿಯುವವರು ಊರಲ್ಲುಳಿದ ಅಜ್ಜಿಯಂದಿರು ಮತ್ತು ತಗ್ಗಿನ ನೆರೆಮನೆಯ ಮಕ್ಕಳು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಬಾವಿಗೂ ಗುಂಡಿಗೂ ನಡುವಿನ ಅಂತರವನ್ನು ಅಳೆಯೋಣ, ಬಾವಿಯ ನೀರನ್ನು ಪರೀಕ್ಷೆಗೆ ಕೊಡಿಸೋಣ. ನಮ್ಮ ಹಣದಿಂದ ಎದ್ದ ಕಟ್ಟಡ ಅವರ ಬಾವಿಯನ್ನು ಕೆಡಿಸದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.