ಗಂಡಮಾಲೆ: ಅರಸನ ಸ್ಪರ್ಶದಿಂದ ಸ್ಕ್ಯಾನಿಂಗ್‌ವರೆಗೆ



ಮಲಪ್ರಭೆಯ ದಡದ ಮನೋಳಿಯಂಥ ಊರುಗಳಲ್ಲಿ ‘ಸ್ಕ್ಯಾನಿಂಗ್’ ಎಂದೊಡನೆ ಬಸುರಿಯರ ಪರೀಕ್ಷೆಯೇ ನೆನಪಾಗುವುದು ಸಹಜ. ಅದೇ ಯಂತ್ರವು ಕೊರಳ ಗಂಟಿನ ಒಳಗನ್ನೂ ತೋರಿಸಬಲ್ಲದು. ಕೊರಳಲ್ಲಿ ನೋವಿಲ್ಲದ ಗಂಟು ಕಂಡಾಗ, ಮಗಳ ಮದುವೆಗೆ ಅಡ್ಡಿಯಾದೀತೆಂದು ಅದನ್ನು ಸೆರಗಿನ ಮರೆಯಲ್ಲಿಡುವವರಿಗೆ ಈ ಸಂಗತಿ ತಿಳಿದಿರಬೇಕು.

ಈ ಬೇನೆ ಬಹು ಪುರಾತನವಾದುದು. ಕೊರಳ ಸುತ್ತ ಮಾಲೆಯಂತೆ ಗಂಟುಗಳು ಏಳುವುದರಿಂದ ನಮ್ಮ ಹಿರಿಯರು ಇದನ್ನು ಗಂಡಮಾಲೆ ಎಂದು ಕರೆದರು. ಇಂಗ್ಲೆಂಡ್ ಮತ್ತು ಫ್ರಾನ್ಸ್ ದೇಶಗಳಲ್ಲಿ ಅಭಿಷಿಕ್ತ ಅರಸನು ಮುಟ್ಟಿದರೆ ಇದು ವಾಸಿಯಾಗುವುದೆಂಬ ನಂಬಿಕೆ ಶತಮಾನಗಳ ಕಾಲ ಬೇರೂರಿತ್ತು. 1712ರಲ್ಲಿ ರಾಣಿ ಆ್ಯನ್ ಹೀಗೆ ಮುಟ್ಟಿದ ಮಕ್ಕಳಲ್ಲಿ ಮುಂದೆ ಇಂಗ್ಲಿಷ್ ನಿಘಂಟುಕಾರನೆಂದು ಪ್ರಸಿದ್ಧನಾದ ಸ್ಯಾಮ್ಯುಯೆಲ್ ಜಾನ್ಸನ್ ಒಬ್ಬ. ರಾಣಿಯಿಂದ ದೊರೆತ ಚಿನ್ನದ ಪದಕವನ್ನು ಆತ ಬದುಕಿರುವವರೆಗೂ ಧರಿಸಿದ್ದ. ಬೇನೆಯ ಕಲೆಗಳೂ ಆತನೊಂದಿಗೇ ಉಳಿದವು.

1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕೋಚ್ ಕ್ಷಯರೋಗದ ಅಣುಜೀವಿಯನ್ನು ಕಂಡುಹಿಡಿದುದಾಗಿ ಸಾರಿದನು. ಅದಕ್ಕೆ ಎರಡು ವರ್ಷ ಮುಂಚೆ, 1880ರಲ್ಲಿ, ಪ್ಯಾರಿಸ್ಸಿನ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಒತ್ತಿದಾಗ ವಿದ್ಯುತ್ತು ಹುಟ್ಟುವುದನ್ನು ಗಮನಿಸಿದ್ದರು. ವಿದ್ಯುತ್ತು ಹಾಯಿಸಿದರೆ ಅಂಥ ಹರಳು ಕಂಪಿಸುತ್ತದೆ. ಆ ಕಂಪನದ ಪ್ರತಿಧ್ವನಿಯಿಂದ ದೇಹದ ಒಳಗನ್ನು ನೋಡುವ ವಿಧಾನವನ್ನು ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಪ್ರಕಟಿಸಿದರು.

ಇಂದು ಕೊರಳ ಪರೀಕ್ಷೆಗೆ ಬಳಸುವ ಶಬ್ದತರಂಗವು ಸೆಕೆಂಡಿಗೆ ಸುಮಾರು ಒಂದು ಕೋಟಿ ಸಲ ಕಂಪಿಸುತ್ತದೆ. ಕಿವಿಗೆ ಕೇಳಿಸದು, ನೋವಿಲ್ಲ, ವಿಕಿರಣವೂ ಇಲ್ಲ. ಆರೋಗ್ಯವಂತ ದುಗ್ಧಗ್ರಂಥಿ ಅವರೆಬೀಜದ ಆಕಾರದಲ್ಲಿದ್ದು, ಅದರ ನಡುವೆ ಬೆಳ್ಳನೆಯ ಗೆರೆಯೊಂದು ಕಾಣುತ್ತದೆ. ಕ್ಷಯ ತಗುಲಿದಾಗ ಸಾಮಾನ್ಯವಾಗಿ ಗ್ರಂಥಿಗಳು ಉರುಟಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಗೆರೆ ಅಳಿಯುತ್ತದೆ, ಒಳಗೆ ಕೊಳೆತ ಭಾಗ ಕಪ್ಪಾಗಿ ತೋರುತ್ತದೆ.

ಆದರೂ ಚಿತ್ರವೊಂದೇ ಕೊನೆಯ ಮಾತಲ್ಲ. ಕೆಲವು ಕ್ಯಾನ್ಸರ್‌ಗಳೂ ಹೀಗೆಯೇ ಕಾಣಬಹುದು. ಆದುದರಿಂದ ವೈದ್ಯರು ಸ್ಕ್ಯಾನಿಂಗ್ ನೋಡುತ್ತಲೇ ಸರಿಯಾದ ಜಾಗಕ್ಕೆ ತೆಳು ಸೂಜಿ ಚುಚ್ಚಿ, ದ್ರವ್ಯ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಸೂಜಿಗೆ ದಾರಿ ತೋರುವುದೇ ಈ ಯಂತ್ರದ ದೊಡ್ಡ ಉಪಕಾರ.

ಇನ್ನು ತಟ್ಟೆ-ಲೋಟ ಬೇರೆ ಇಡುವ ಮಾತು. ಶ್ವಾಸಕೋಶದ ಕ್ಷಯವಿದ್ದವರು ಮನೆಯಲ್ಲಿದ್ದೇ ಔಷಧ ಸೇವಿಸಿದರೂ ಮನೆಮಂದಿಗೆ ಹೆಚ್ಚಿನ ಅಪಾಯವಿಲ್ಲವೆಂದು ಮದ್ರಾಸಿನ ಅಧ್ಯಯನವೊಂದು ಬಹು ಹಿಂದೆಯೇ ತೋರಿಸಿತು. ಕೊರಳ ಗ್ರಂಥಿಗಷ್ಟೇ ಸೀಮಿತವಾದ ಕ್ಷಯವಂತೂ ಸಾಮಾನ್ಯವಾಗಿ ಇತರರಿಗೆ ಹರಡುವುದಿಲ್ಲ.

ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಔಷಧ ಉಚಿತ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಸೇವಿಸಬೇಕು. ಜಾನ್ಸನ್ನನ ತಾಯಿಗೆ ಅರಸರ ಕೈಯಲ್ಲದೆ ಬೇರೆ ಆಸರೆಯಿರಲಿಲ್ಲ. ನಮಗೆ ಇದೆ. ನಿಮ್ಮ ಮನೆಯಲ್ಲಿ ಯಾರ ಕೊರಳಲ್ಲಾದರೂ ಗಂಟು ಎರಡು ವಾರ ದಾಟಿಯೂ ಕರಗದಿದ್ದರೆ, ದಯವಿಟ್ಟು ಮುಚ್ಚಿಡಬೇಡಿ, ವೈದ್ಯರಿಗೆ ತೋರಿಸಿ.